ಹೊದಿಕೆಯ ಆಯ್ಕೆ ಮತ್ತು ಆರೋಗ್ಯ

'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಹಾಸಿಗೆಯ ಉದ್ದವನ್ನು ಕುರಿತು ಇಷ್ಟು ಎಚ್ಚರ ವಹಿಸುವ ನಾವು ಅದರ ಮೇಲೆ ಹೊದೆಯುವ ವಸ್ತ್ರದ ಗುಣದೋಷಗಳನ್ನು ಕುರಿತು ಯೋಚಿಸುವುದು ವಿರಳ. ಮನುಷ್ಯನು ಆಯುಷ್ಯದ ಸುಮಾರು ಮೂರನೆಯ ಒಂದು ಪಾಲನ್ನು ನಿದ್ರೆಯಲ್ಲಿ ಕಳೆಯುತ್ತಾನೆ. ಅಷ್ಟು ಕಾಲವೂ ಮೈಗೂ ಮೂಗಿಗೂ ಅತಿ ಸಮೀಪದಲ್ಲಿರುವ ವಸ್ತು ಹೊದಿಕೆ. ಊರಿನಲ್ಲಿ ಹಿತವಾಗಿದ್ದ ಹೊದಿಕೆಯು ಮಹಾನಗರದ ಹವೆಗೆ ಒಗ್ಗದಿರಬಹುದು. ಆದ್ದರಿಂದ ಅವುಗಳ ಭೇದಗಳನ್ನು ತಿಳಿದಿರುವುದು ಹಿತಕರ.

ಹೊದಿಕೆಯ ಕಾರ್ಯ

ಹೊದಿಕೆಗೆ ಸ್ವಂತ ಕಾವಿಲ್ಲ. ಅದರ ಎಳೆಗಳ ನಡುವೆ ಸಿಕ್ಕಿ ನಿಶ್ಚಲವಾದ ಗಾಳಿಯು ನಮ್ಮ ಶರೀರದ ಶಾಖವೇ ಹೊರಹೋಗದಂತೆ ತಡೆಯುತ್ತದೆ. ಒಂದರ ಮೇಲೊಂದು ಹೊದೆದ ಎರಡು ತೆಳು ಹೊದಿಕೆಗಳು ಬೆಚ್ಚಗಿರುವುದು ಈ ಕಾರಣದಿಂದಲೇ. ನಡುವಣ ಗಾಳಿಯೂ ಒಂದು ಪದರವಾಗುತ್ತದೆ. ಶಾಖವನ್ನು ಕಾಯುವುದರೊಡನೆ ಬೆವರಿನ ತೇವವನ್ನು ಹೊರಗೆ ಬಿಡುವುದೂ ಉತ್ತಮ ಹೊದಿಕೆಯ ಲಕ್ಷಣ.

ಹೊದಿಕೆಯ ವಿಧಗಳು

ಹತ್ತಿಯ ದುಪ್ಪಟಿ ಮತ್ತು ಚಾದರಗಳು ಬೆವರನ್ನು ಹೀರುತ್ತವೆ, ಬಿಸಿನೀರಿನ ಒಗೆತವನ್ನು ತಾಳುತ್ತವೆ. ಚೆನ್ನೈ, ಮುಂಬಯಿಗಳ ಹವೆಗೆ ವರ್ಷದ ಬಹುಭಾಗ ಇವೇ ಸಾಕು. ಸೊಲ್ಲಾಪುರದ ದಪ್ಪ ಚಾದರವು ಪುಣೆಯ ಚಳಿಗೂ ಒದಗುತ್ತದೆ.

ಕೌದಿಯು ಉತ್ತರ ಕರ್ನಾಟಕದ ಮನೆಮನೆಯ ಸೊತ್ತು. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ ಸಣ್ಣ ಹೊಲಿಗೆಯಿಂದ ಕೂಡಿಸಿದ ಇದು ಮೈಗೆ ಮೃದು. ಉತ್ತರ ಕನ್ನಡದ ಸಿದ್ದಿ ಮಹಿಳೆಯರ ಕೌದಿಗಳು ವರ್ಣವೈವಿಧ್ಯಕ್ಕೆ ಹೆಸರಾಗಿವೆ. ಆದರೆ ಮಳೆಗಾಲದಲ್ಲಿ ಒಗೆದ ಕೌದಿಯ ಒಳಪದರಗಳು ಬೇಗನೆ ಒಣಗಲಾರವು. ಹಸಿಯಾಗಿಯೇ ಮಡಿಚಿಟ್ಟರೆ ಬೂಷ್ಟು ಹಿಡಿಯುತ್ತದೆ.

ಕಂಬಳಿಯೆಂದೊಡನೆ ಚಳ್ಳಕೆರೆಯ ನೆನಪಾಗುವುದು ಸಹಜ. ಉಣ್ಣೆಯು ತನ್ನ ತೂಕದ ಸುಮಾರು 30 ಪ್ರತಿಶತದಷ್ಟು ತೇವವನ್ನು ಹೀರಿಯೂ ಮುಟ್ಟಿದವರಿಗೆ ಒದ್ದೆಯೆನಿಸದು. ಕುರಿಗಾಹಿಗಳು ಮಳೆಚಳಿಗಳೆರಡಕ್ಕೂ ಇದನ್ನೇ ನಂಬಿದುದರಲ್ಲಿ ಅರ್ಥವಿದೆ. ಒರಟಾದ ಉಣ್ಣೆಯು ಚರ್ಮಕ್ಕೆ ತುರಿಕೆಯನ್ನುಂಟುಮಾಡುವುದರಿಂದ ಅದರ ಕೆಳಗೆ ಹತ್ತಿಯ ದುಪ್ಪಟಿಯಿರಬೇಕು. ಬಿಸಿನೀರಿನಲ್ಲಿ ಹಾಕಿ ತಿಕ್ಕಿದರೆ ಕಂಬಳಿಯು ಕುಗ್ಗಿ ಗಡುಸಾಗುತ್ತದೆ.

ಹತ್ತಿ ತುಂಬಿದ ರಜಾಯಿ ದಿಲ್ಲಿಯ ಚಳಿಗಾಲಕ್ಕೆ ಅನಿವಾರ್ಯ. ವರ್ಷಗಳು ಕಳೆದಂತೆ ಹತ್ತಿ ಗಂಟುಕಟ್ಟಿ, ಒಳಗಿನ ಗಾಳಿ ಕಡಿಮೆಯಾಗಿ, ಬೆಚ್ಚನೆಯ ಗುಣವೂ ಕುಂದುತ್ತದೆ. ಹತ್ತಿಯನ್ನು ಪುನಃ ಹಿಂಜಿಸಿ ತುಂಬಿಸಿದರೆ ಆ ಗುಣ ಮರಳುತ್ತದೆ.

ಪಾಲಿಯೆಸ್ಟರ್, ಅಕ್ರಿಲಿಕ್‌ಗಳ ಬ್ಲ್ಯಾಂಕೆಟ್ಟುಗಳು ಹಗುರ, ಬೆಲೆಯೂ ಸುಲಭ, ಬೇಗನೆ ಒಣಗುತ್ತವೆ. ಬೆವರನ್ನು ಹೀರುವ ಶಕ್ತಿ ಮಾತ್ರ ಇವುಗಳಲ್ಲಿ ಅತ್ಯಲ್ಪ. ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟುವುದರಿಂದ ದೀಪ, ಸೊಳ್ಳೆಬತ್ತಿಗಳಿಂದ ದೂರವಿಡಬೇಕು.

ಕಾಣದ ಶತ್ರು

ಮನೆಯ ಧೂಳಿನಿಂದ ಕೆಲವರಿಗೆ ಉಬ್ಬಸ ಏಕೆ ಬರುವುದೆಂಬುದು ಬಹುಕಾಲ ಒಗಟಾಗಿತ್ತು. 1960ರ ದಶಕದಲ್ಲಿ ನೆದರ್ಲೆಂಡ್ಸಿನ ವಿಜ್ಞಾನಿಗಳು ಇದಕ್ಕೆ ಧೂಳಿನ ನುಸಿಯೇ ಮುಖ್ಯ ಕಾರಣವೆಂದು ತೋರಿಸಿಕೊಟ್ಟರು. ಕಾಲು ಮಿಲಿಮೀಟರಿನಷ್ಟು ಗಾತ್ರದ ಈ ಜೀವಿ ಕಚ್ಚುವುದಿಲ್ಲ. ನಮ್ಮ ಮೈಯಿಂದ ಉದುರಿದ ಚರ್ಮದ ಸೂಕ್ಷ್ಮ ಚೂರುಗಳನ್ನು ತಿಂದು ಹಾಸಿಗೆ, ತಲೆದಿಂಬು, ಹೊದಿಕೆಗಳಲ್ಲಿ ಬೆಳೆಯುತ್ತದೆ. ಅದರ ಮಲದ ಕಣಗಳು ಉಸಿರಿನೊಡನೆ ಒಳಸೇರಿ, ಅಲರ್ಜಿಯ ಪ್ರವೃತ್ತಿಯುಳ್ಳವರಲ್ಲಿ ಸೀನು, ನೆಗಡಿ, ಉಬ್ಬಸಗಳನ್ನು ಕೆರಳಿಸುತ್ತವೆ. ಬೆಚ್ಚನೆಯ ತೇವದ ಹವೆ ಇದಕ್ಕೆ ಪ್ರಿಯ. ಗಾಳಿಬೆಳಕು ಸಾಲದ ಸಣ್ಣ ಮನೆಯಲ್ಲಿ, ಕಡಲ ತೀರದ ಮಳೆಗಾಲದಲ್ಲಿ, ವರ್ಷಗಟ್ಟಲೆ ಒಗೆಯದ ರಜಾಯಿಯು ಇದಕ್ಕೆ ಬಿಡಾರವಾಗುತ್ತದೆ. ಮಲಗಿದೊಡನೆ ಅಥವಾ ಬೆಳಗಿನ ಜಾವ ಮಗುವಿಗೆ ಕೆಮ್ಮು ಹೆಚ್ಚುತ್ತಿದ್ದರೆ ವೈದ್ಯರಿಗೆ ತೋರಿಸುವುದರೊಡನೆ ಹೊದಿಕೆಯ ಕಡೆಗೂ ಗಮನ ಹರಿಸಬೇಕು. ಚಳಿಯಿಂದಲೇ ಕೆಮ್ಮು ಬಂದಿತೆಂದು ಅದೇ ರಜಾಯಿಯನ್ನು ಮತ್ತಷ್ಟು ಬಿಗಿಯಾಗಿ ಹೊದಿಸಿದರೆ ತೊಂದರೆ ಹೆಚ್ಚೀತು.

ಪರಿಹಾರ ಕಷ್ಟದ್ದಲ್ಲ. ಹತ್ತಿಯ ದುಪ್ಪಟಿ, ತಲೆದಿಂಬಿನ ಗವುಸುಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆದರೆ ನುಸಿಗಳು ಸಾಯುತ್ತವೆ, ಅಲರ್ಜಿಕಾರಕ ಕಣಗಳೂ ತೊಳೆದುಹೋಗುತ್ತವೆ. ಒಗೆಯಲಾಗದ ರಜಾಯಿಗೆ ಒಗೆಯಬಹುದಾದ ಹತ್ತಿಯ ಗವುಸನ್ನು ಹೊಲಿಸಬೇಕು. ಬಿಸಿಲು ತೇವವನ್ನು ತೆಗೆಯುತ್ತದೆ. ಆದರೆ ಅದೊಂದರಿಂದಲೇ ಆ ಕಣಗಳು ನಾಶವಾಗವು. ಹೊದಿಕೆಯನ್ನು ಕೊಡಹುವ ಕೆಲಸವನ್ನು ಉಬ್ಬಸದ ರೋಗಿಯು ಮಾಡಬಾರದು. ಅದು ಮನೆಯ ಹೊರಗೆ ನಡೆಯಲಿ.

ಹಸುಗೂಸುಗಳ ವಿಷಯ

ಒಂದು ವರ್ಷ ತುಂಬದ ಮಗು ಮಲಗಿದಾಗ ಕೌದಿ, ರಜಾಯಿ, ಮೆತ್ತನೆಯ ದಿಂಬುಗಳನ್ನು ಬಳಿಯಲ್ಲಿಡಬಾರದೆಂಬುದು ಇಂದಿನ ಮಕ್ಕಳ ವೈದ್ಯರ ಸಲಹೆ. ಸಡಿಲವಾದ ಹೊದಿಕೆ ಮುಖದ ಮೇಲೆ ಸರಿದರೆ ಕೂಸು ಅದನ್ನು ತೆಗೆದುಹಾಕಲಾರದು. ಮೈ ಅತಿಯಾಗಿ ಬಿಸಿಯಾಗುವುದೂ ಅಪಾಯ. ಅಜ್ಜಿಯರ ಪ್ರೀತಿಯ ಕೌದಿಯು ಮಗು ಎಚ್ಚರವಾಗಿ ಮಡಿಲಲ್ಲಿರುವಾಗ ಉಪಯೋಗವಾಗಲಿ. ಚಳಿಗೆ ಹತ್ತಿಯ ಅಂಗಿಗಳನ್ನು ಒಂದರ ಮೇಲೊಂದು ತೊಡಿಸಿ, ಗಟ್ಟಿಯಾದ ಸಮತಟ್ಟು ಹಾಸಿಗೆಯಲ್ಲಿ ಅಂಗಾತ ಮಲಗಿಸುವುದು ಸುರಕ್ಷಿತ.

ಬೆಲೆಯನ್ನೂ ಅಂದವನ್ನೂ ನೋಡಿ ಹೊದಿಕೆಯನ್ನು ಕೊಳ್ಳುವ ಗೃಹಸ್ಥರು ಇನ್ನೆರಡು ಪ್ರಶ್ನೆಗಳನ್ನೂ ಕೇಳಿಕೊಳ್ಳಲಿ: ಇದನ್ನು ನಮ್ಮ ಮನೆಯಲ್ಲಿ ಒಗೆಯಲು ಸಾಧ್ಯವೇ? ನಮ್ಮ ಊರಿನ ಹವೆಯಲ್ಲಿ ಒಣಗಿಸಲು ಸಾಧ್ಯವೇ? ಮೇ ತಿಂಗಳ ಬಿಸಿಲಿರುವಾಗಲೇ ಕೌದಿಗಳನ್ನು ಒಗೆದು, ಪೂರ್ಣವಾಗಿ ಒಣಗಿಸಿ, ಕಂಬಳಿಗಳನ್ನು ಬಿಸಿಲಿಗೆ ಹಾಕಿ ಎತ್ತಿಟ್ಟ ಮನೆಯವರು ಮಳೆಗಾಲದ ರಾತ್ರಿಗಳಲ್ಲಿ ಅದರ ಫಲವನ್ನು ಕಾಣುವರು.