ಮಿಲಿಮೀಟರ್ ಮಳೆ, ಟಿಎಂಸಿ ರಾಜಕೀಯ: ನಡುವಿನ ಸೊನ್ನೆಗಳ ಲೆಕ್ಕ

ಮಳೆಯ ಸುದ್ದಿ ಮಿಲಿಮೀಟರ್‌ನಲ್ಲಿ ಬರುತ್ತೆ. ಆ ಮಳೆ ಬಿದ್ದ ಜಾಗದ ಅಳತೆ ಚದರ ಕಿಲೋಮೀಟರ್‌ನಲ್ಲಿ. ಸವದತ್ತಿಯ ನವಿಲುತೀರ್ಥ ಅಣೆಕಟ್ಟಿನ ನೀರು, ಮಹದಾಯಿ ತೀರ್ಪು ಎಲ್ಲ ಟಿಎಂಸಿಯಲ್ಲಿ. ಮೂರೂ ಒಂದೇ ನೀರಿನ ಲೆಕ್ಕ, ಆದರೆ ಜೋಡಿಸಿ ನೋಡೋರು ಕಡಿಮೆ. ಹಾಗಾಗಿಯೇ ವೇದಿಕೆ ಮೇಲಿಂದ ಯಾರು ಯಾವ ಅಂಕಿ ಎಸೆದರೂ ನಡೆದುಬಿಡುತ್ತೆ.

ಮೆಟ್ರಿಕ್ ಅಳತೆ ಅಂದರೆ ಸಾವಿರದ ಮೆಟ್ಟಿಲುಗಳು. ಕಿಲೋಮೀಟರ್‌ನಿಂದ ಒಂದು ಮೆಟ್ಟಿಲು ಇಳಿದರೆ ಮೀಟರ್, ಇನ್ನೊಂದು ಇಳಿದರೆ ಮಿಲಿಮೀಟರ್, ಮತ್ತೊಂದು ಇಳಿದರೆ ಮೈಕ್ರೋಮೀಟರ್. ಒಂದೊಂದು ಮೆಟ್ಟಿಲಿಗೆ ಮೂರು ಸೊನ್ನೆ. ಅಲ್ಲಿಗೆ 1 ಕಿ.ಮೀ. ಅಂದರೆ 10 ಲಕ್ಷ ಮಿ.ಮೀ.

ಜನ ಎಡವೋದು ‘ಚದರ’ ಅನ್ನೋ ಪದ ಬಂದಾಗ. 1 ಚದರ ಕಿ.ಮೀ. ಅಂದರೆ 1,000 ಚದರ ಮೀಟರ್ ಅಲ್ಲ. ಉದ್ದಕ್ಕೆ ಸಾವಿರ, ಅಗಲಕ್ಕೆ ಸಾವಿರ, ಒಟ್ಟು 10 ಲಕ್ಷ. ಅದಕ್ಕೇ ದೊಡ್ಡದನ್ನೂ ಚಿಕ್ಕದನ್ನೂ ಮೊದಲು ಮೀಟರ್‌ಗೆ ತನ್ನಿ, ಆಮೇಲೆ ಗುಣಿಸಿ. 1 ಚದರ ಕಿ.ಮೀ. ಮೇಲೆ 1 ಮಿ.ಮೀ. ಮಳೆ ಬಿತ್ತು ಅನ್ನಿ: 10 ಲಕ್ಷ ಚದರ ಮೀಟರ್ × 0.001 ಮೀಟರ್ = 1,000 ಘನ ಮೀಟರ್. ಅಂದರೆ 10 ಲಕ್ಷ ಲೀಟರ್.

ಟಿಎಂಸಿ ಮಾತ್ರ ಅಡಿಯ ಲೆಕ್ಕ, 100 ಕೋಟಿ ಘನ ಅಡಿ. 1 ಅಡಿ ಅಂದರೆ 0.3048 ಮೀಟರ್. ಅದನ್ನು ಅದರಿಂದಲೇ ಮೂರು ಆಯಾಮಕ್ಕೂ ಗುಣಿಸಿದರೆ, 1 ಟಿಎಂಸಿಗೆ ಸುಮಾರು 2.83 ಕೋಟಿ ಘನ ಮೀಟರ್ ಸಿಗುತ್ತೆ.

ಈಗ ರಾಜಕೀಯಕ್ಕೆ ಬರೋಣ. ಕುಡಿಯುವ ನೀರಿಗಾಗಿ ಕಳಸಾ-ಬಂಡೂರಿಯಿಂದ ಮಲಪ್ರಭೆಗೆ ಕರ್ನಾಟಕ ಕೇಳಿದ್ದು 7.56 ಟಿಎಂಸಿ. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕೊಟ್ಟಿದ್ದು 3.9 ಟಿಎಂಸಿ. ಲೀಟರ್‌ನಲ್ಲಿ ಹೇಳಿದರೆ ಸುಮಾರು 11,000 ಕೋಟಿ. ಅಬ್ಬಾ, ಸಮುದ್ರಾನೇ! ಅದೇ ನೀರನ್ನು ಸುಮಾರು 13,400 ಚದರ ಕಿ.ಮೀ.ನ ಬೆಳಗಾವಿ ಜಿಲ್ಲೆ ಮೇಲೆ ಸಮನಾಗಿ ಹರಡಿದರೆ ನಿಲ್ಲೋದು 8 ಮಿ.ಮೀ. ಅಷ್ಟೇನಾ?

ಎರಡೂ ಸತ್ಯ. ‘ಇಷ್ಟೊಂದು ಕೊಟ್ಟಿದ್ದೀವಲ್ಲ’ ಅನ್ನೋರು ಲೀಟರ್ ಹಿಡೀತಾರೆ, ‘ಏನೂ ಸಿಗಲಿಲ್ಲ’ ಅನ್ನೋರಿಗೆ ಮಿಲಿಮೀಟರ್ ಸಾಕು. ನಮಗೆ ಬೇಕಿರೋದು ಬಳಕೆಯ ಲೆಕ್ಕ. ನಗರದ ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನೋ ಮಾನದಂಡದಲ್ಲಿ, ಸೋರಿಕೆ ಬಿಟ್ಟು, 3.9 ಟಿಎಂಸಿ ಸುಮಾರು 22 ಲಕ್ಷ ಜನರಿಗೆ ಒಂದು ವರ್ಷ ಸಾಕು.

ಪ್ರವಾಹಕ್ಕೂ ಇದೇ ಲೆಕ್ಕ. ಜಲಾನಯನದ ಪ್ರತಿ 1,000 ಚದರ ಕಿ.ಮೀ. ಮೇಲೆ 100 ಮಿ.ಮೀ. ಮಳೆ ಸುರಿದರೆ ಬೀಳೋ ನೀರು ಸುಮಾರು 3.5 ಟಿಎಂಸಿ. ಎಲ್ಲವೂ ನದಿ ಸೇರಲ್ಲ. ಒಂದಷ್ಟು ನೆಲಕ್ಕೆ ಇಂಗುತ್ತೆ, ಒಂದಷ್ಟು ಆವಿಯಾಗುತ್ತೆ. ಆದರೂ ನವಿಲುತೀರ್ಥ ಜಲಾಶಯದ ಒಟ್ಟು ಸಾಮರ್ಥ್ಯವೇ 37.73 ಟಿಎಂಸಿ. ಅದು ಮೊದಲೇ ತುಂಬಿದ್ದಾಗ ಖಾನಾಪುರದ ಕಡೆ ನಾಲ್ಕು ದಿನ ಜಡಿಮಳೆ ಹಿಡಿದರೆ ಕೆಳಗಿನ ರಾಮದುರ್ಗದ ಗತಿ ಏನು? 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಅಲ್ಲಿ ಮನೆಗಳಿಗೇ ನುಗ್ಗಿತ್ತು.

ಮುಂದಿನ ಸಲ ಬೈಲಹೊಂಗಲದಲ್ಲೋ ಕಿತ್ತೂರಲ್ಲೋ ನಾಯಕರೊಬ್ಬರು ಟಿಎಂಸಿ ಅಂದಾಗ ಮೊಬೈಲ್‌ನ ಕ್ಯಾಲ್ಕ್ಯುಲೇಟರ್ ತೆಗೀರಿ. ಆ ನೀರು ಎಷ್ಟು ಜನಕ್ಕೆ, ಎಷ್ಟು ದಿನಕ್ಕೆ, ಯಾವ ಊರಿಗೆ ಅಂತ ಅಲ್ಲೇ ಕೇಳಿ.