ಮಣ್ಣಿಲ್ಲದ ಕೈತೋಟ ಮತ್ತು ಸ್ವಯಂಚಾಲನೆ

ಉದ್ಯೋಗದಿಂದ ನಿವೃತ್ತರಾದವರು ಕೈತೋಟದಲ್ಲಿ ಹೊತ್ತು ಕಳೆಯುವುದು ಹೊಸ ಸಂಗತಿಯಲ್ಲ. ಈಚೆಗೆ ಆ ತೋಟವು ನೆಲವನ್ನು ಬಿಟ್ಟು ಮಾಳಿಗೆಯನ್ನೇರಿದೆ. ಮಣ್ಣಿಗೆ ಬದಲಾಗಿ ಲವಣಗಳನ್ನು ಕರಗಿಸಿದ ನೀರಿನಲ್ಲಿ ಬೇರು ಬಿಡುತ್ತಿದೆ. ಅದರ ಆರೈಕೆಯನ್ನು ಅಂಗೈಯಗಲದ ವಿದ್ಯುನ್ಮಾನ ಫಲಕವೊಂದಕ್ಕೆ ಒಪ್ಪಿಸುವ ಹವ್ಯಾಸವೂ ಹುಟ್ಟಿಕೊಂಡಿದೆ. ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿಯಂಥ ಊರಿನಲ್ಲಿ ಇಂಥ ತೋಟವನ್ನು ಹೂಡುವವರು ಯಾವ ಕೆಲಸವನ್ನು ಯಂತ್ರಕ್ಕೆ ಬಿಡಬಹುದು, ಯಾವುದನ್ನು ಬಿಡಲಾಗದು ಎಂಬುದನ್ನು ಇಲ್ಲಿ ವಿಚಾರಿಸಿದ್ದೇವೆ.

ಮಣ್ಣಿನ ಹಂಗಿಲ್ಲದೆ ಸಸ್ಯವನ್ನು ಬೆಳೆಸಬಹುದೆಂಬುದನ್ನು ಜರ್ಮನಿಯ ಸಾಕ್ಸ್ ಮತ್ತು ಕ್ನೋಪ್ ಎಂಬ ವಿದ್ವಾಂಸರು 1860ರ ದಶಕದ ವೇಳೆಗೆ ಪ್ರಯೋಗಶಾಲೆಯಲ್ಲಿ ತೋರಿಸಿದ್ದರು. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಗೆರಿಕೆಯವರು 1930ರ ದಶಕದಲ್ಲಿ ಅದನ್ನು ಬೇಸಾಯದ ಮಟ್ಟಕ್ಕೆ ತಂದರು. ಅಲ್ಲಿಯವರೇ ಆದ ಹೋಗ್ಲೆಂಡ್ ಮತ್ತು ಆರ್ನನ್ 1938ರಲ್ಲಿ ಪ್ರಕಟಿಸಿದ ಪೋಷಕ ದ್ರಾವಣದ ಸೂತ್ರವು ಇಂದಿಗೂ ಬಳಕೆಯಲ್ಲಿದೆ. ನಮ್ಮ ದೇಶದಲ್ಲಿ ಶೋಲ್ಟೋ ಡಗ್ಲಸ್ ಎಂಬವರು 1946ರಲ್ಲಿ ಕಾಲಿಂಪಾಂಗ್ ಪ್ರದೇಶದಲ್ಲಿ ಪ್ರಯೋಗಗಳನ್ನು ನಡೆಸಿ ‘ಬಂಗಾಳ ಪದ್ಧತಿ’ಯನ್ನು ರೂಪಿಸಿದರು. ಜಲ್ಲಿ ಮರಳುಗಳ ಮಡಿ, ಅದರ ಮೇಲೆ ಕೈಯಿಂದ ಚಿಮುಕಿಸಿದ ಲವಣ, ಮೇಲಿಷ್ಟು ನೀರು. ಇದಿಷ್ಟೇ ಆ ಪದ್ಧತಿ. ಅದಕ್ಕೆ ಪಂಪೂ ಬೇಕಿರಲಿಲ್ಲ, ವಿದ್ಯುತ್ತೂ ಬೇಕಿರಲಿಲ್ಲ. ಯಂತ್ರದ ಮೋಹಕ್ಕೆ ಬಿದ್ದವರು ಇದನ್ನು ಒಮ್ಮೆ ನೆನೆಯುವುದು ಒಳಿತು.

ಮಣ್ಣು ಸಸ್ಯಕ್ಕೆ ಆಹಾರವನ್ನು ಕೊಡುವುದು ಮಾತ್ರವಲ್ಲ, ತೋಟಗಾರನ ತಪ್ಪುಗಳನ್ನೂ ತಾಳಿಕೊಳ್ಳುತ್ತದೆ. ಎರಡು ದಿನ ನೀರುಣಿಸದಿದ್ದರೂ ತೇವ ಉಳಿದಿರುತ್ತದೆ. ಗೊಬ್ಬರ ಹೆಚ್ಚಾದರೆ ಜೇಡಿಯ ಕಣಗಳು ಅದನ್ನು ತಕ್ಕಮಟ್ಟಿಗೆ ಹಿಡಿದಿಟ್ಟುಕೊಂಡು ಮೆಲ್ಲಗೆ ಬಿಡುತ್ತವೆ. ಬರಿಯ ನೀರಿಗೆ ಈ ತಾಳ್ಮೆಯಿಲ್ಲ. ಕೊಳವೆಯಲ್ಲಿ ತೆಳುವಾಗಿ ಹರಿಯುವ ದ್ರಾವಣವು ಚೈತ್ರದ ಮಧ್ಯಾಹ್ನದಲ್ಲಿ ನಿಂತುಹೋದರೆ ಸೊಪ್ಪಿನ ಗಿಡಗಳು ಕೆಲವೇ ಗಂಟೆಗಳಲ್ಲಿ ಬಾಡುತ್ತವೆ. ಆದಕಾರಣ ಸ್ವಯಂಚಾಲನೆಯೆಂದರೆ ಮಣ್ಣು ಮಾಡುತ್ತಿದ್ದ ಈ ಕೆಲಸಕ್ಕೆ ಬದಲಿಯನ್ನು ಹುಡುಕುವುದೇ ಹೊರತು, ತೋಟಗಾರನಿಗೆ ಬದಲಿಯನ್ನು ಹುಡುಕುವುದಲ್ಲ.

ತಂಬ್ರಹಳ್ಳಿಗೆ 1953ರಲ್ಲಿ ಕಟ್ಟಿ ಮುಗಿದ ತುಂಗಭದ್ರಾ ಅಣೆಕಟ್ಟಿನ ಹಿನ್ನೀರು ದೂರವಿಲ್ಲ. ಆದರೂ ಮನೆಬಳಕೆಗೆ ಒದಗುವುದು ಬಹುಮಟ್ಟಿಗೆ ಕೊಳವೆಬಾವಿಯ ಗಡಸು ನೀರು. ಈ ಭಾಗದ ಹಲವು ಕೊಳವೆಬಾವಿಗಳಲ್ಲಿ ಫ್ಲೋರೈಡೂ ಉಂಟು. ಗಡಸು ನೀರಿನಲ್ಲಿರುವ ಬೈಕಾರ್ಬೊನೇಟು ದ್ರಾವಣದ ಪಿ.ಎಚ್. ಮೌಲ್ಯವನ್ನು ಮೇಲಕ್ಕೆ ತಳ್ಳುತ್ತದೆ. ಬೇರಿಗೆ ಹಿತವಾದ 5.5ರಿಂದ 6.5ರ ಎಲ್ಲೆಯನ್ನು ಅದು ಬಹಳವಾಗಿ ಮೀರಿದರೆ ಕಬ್ಬಿಣವು ಕರಗಿದ ಸ್ಥಿತಿಯಲ್ಲಿ ಉಳಿಯದೆ ಎಳೆಯ ಎಲೆಗಳು ನರಗಳ ನಡುವೆ ಹಳದಿಯಾಗುತ್ತವೆ. ಶುದ್ಧ ಕುಡಿಯುವ ನೀರಿನ ಘಟಕದಿಂದ ನೀರನ್ನು ತಂದು ಸುರಿಯಬಹುದಲ್ಲವೇ ಎಂದು ಕೇಳುವವರುಂಟು. ಊರವರು ಕ್ಯಾನು ಹಿಡಿದು ಸರದಿಯಲ್ಲಿ ನಿಲ್ಲುವ ನೀರನ್ನು ದಿನವೂ ಪಾಲಕಿಗೆ ಉಣಿಸುವುದು ನಮಗೆ ಸರಿಯೆನಿಸಲಿಲ್ಲ. ಮಳೆನೀರು ಇದಕ್ಕಿಂತ ಉತ್ತಮ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸಿನ ಮಳೆಯು 20 ಚದರ ಮೀಟರಿನ ಮಾಳಿಗೆಯ ಮೇಲೆ ಬಿದ್ದರೆ 12,000 ಲೀಟರು. ದಿನಕ್ಕೆ 15 ಲೀಟರು ಹೀರುವ ತೋಟಕ್ಕೆ ವರ್ಷಕ್ಕೆ ಬೇಕಾಗುವುದು 5,500 ಲೀಟರು ಮಾತ್ರ. ಕೊರತೆಯಿರುವುದು ಮಳೆಯಲ್ಲಲ್ಲ, ಕೆಲವೇ ತಿಂಗಳಲ್ಲಿ ಸುರಿಯುವ ಅದನ್ನು ಕೂಡಿಡುವ ತೊಟ್ಟಿಯಲ್ಲಿ.

ಇನ್ನು ಬಿಸಿಲು. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರು ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು. 35 ಡಿಗ್ರಿಯಲ್ಲಿ 7 ಮಾತ್ರ. ಬೇರಿನ ಉಸಿರಾಟವಾದರೋ ಆಗಲೇ ಹೆಚ್ಚುತ್ತದೆ. ಬೇರುಕೊಳೆ ರೋಗ ಹತ್ತುವುದೂ ಇಂಥ ಬಿಸಿ ನೀರಿನಲ್ಲಿಯೇ. ತೊಟ್ಟಿಯನ್ನು ನೆರಳಿನಲ್ಲಿಟ್ಟು, ಸುಣ್ಣ ಬಳಿದು, ಒದ್ದೆ ಗೋಣಿತಾಟನ್ನು ಸುತ್ತಿದರೆ ಸಾಕಷ್ಟು ತಂಪಾಗುತ್ತದೆ. ಇದಕ್ಕೆ ಯಾವ ಯಂತ್ರವೂ ಬೇಡ.

ಯಂತ್ರಗಳಲ್ಲಿ ನಾವು ಮೊದಲ ಸ್ಥಾನವನ್ನು ಕೊಡುವುದು ಮನೆಮನೆಯ ನೀರಿನ ಟ್ಯಾಂಕಿನಲ್ಲಿರುವ ತೇಲುಗುಂಡಿನ ನಲ್ಲಿಗೆ. ಬೇಸಿಗೆಯಲ್ಲಿ ಗಿಡಗಳು ಲವಣಕ್ಕಿಂತ ನೀರನ್ನೇ ಹೆಚ್ಚಾಗಿ ಹೀರುವುದರಿಂದ ಉಳಿದ ದ್ರಾವಣ ಗಾಢವಾಗುತ್ತ ಹೋಗುತ್ತದೆ; ನೀರು ಅರ್ಧಕ್ಕಿಳಿದು ಲವಣ ಹಾಗೆಯೇ ಉಳಿದರೆ ಗಾಢತೆ ಇಮ್ಮಡಿ. ಇಳಿದಷ್ಟು ಸಪ್ಪೆ ನೀರನ್ನು ತಾನಾಗಿಯೇ ತುಂಬುವ ಈ ನಲ್ಲಿಯು ವಿದ್ಯುತ್ತನ್ನು ಕೇಳುವುದಿಲ್ಲ. ಎರಡನೆಯದು ಗಾಳಿಯೂದುವ ಪುಟ್ಟ ಪಂಪು. 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿಯ ಅರ್ಧ ಶಕ್ತಿಯನ್ನಷ್ಟೇ ಬಳಸಿದರೂ 5 ವಾಟಿನ ಪಂಪು ಸುಮಾರು 8 ಗಂಟೆ ನಡೆಯುತ್ತದೆ. ಆ ಬಳಿಕ ದ್ರಾವಣವನ್ನು ಹರಿಸುವ ಕಾಲಸೂಚಿ, ಲವಣದ ಗಾಢತೆಯನ್ನು ತಿಳಿಸುವ ವಾಹಕತಾ ಮಾಪಕ. ಈ ಮಾಪಕವು ಎಚ್ಚರಿಸಿದರೆ ಸಾಕು, ತಾನೇ ಲವಣವನ್ನು ಸುರಿಯುವುದು ಬೇಡ.

ಆಮ್ಲವನ್ನು ಯಂತ್ರದಿಂದ ಹನಿಸುವ ವಿಷಯದಲ್ಲಿ ಮಾತ್ರ ನಮ್ಮ ಅಭಿಪ್ರಾಯ ಕಟುವಾಗಿದೆ. ಅಳತೆಗೂ ಕ್ರಿಯೆಗೂ ನಡುವೆ ವಿಳಂಬವಿದ್ದರೆ ನಿಯಂತ್ರಕವು ಗುರಿಯನ್ನು ದಾಟಿ ಅತ್ತಿತ್ತ ತೂಗಾಡಬಲ್ಲದು. ಯಂತ್ರನಿಯಂತ್ರಕಗಳ ಇಂಥ ಅಸ್ಥಿರತೆಯನ್ನು ಗಣಿತದಿಂದ ವಿವೇಚಿಸಿದ ಮ್ಯಾಕ್ಸ್‌ವೆಲ್ಲರ ಲೇಖನವು 1868ರಷ್ಟು ಹಳೆಯದು. ನಮ್ಮ ಗಡಸು ನೀರಿನಲ್ಲಿ ಇನ್ನೊಂದು ತೊಡಕು ಸೇರುತ್ತದೆ: ಬೈಕಾರ್ಬೊನೇಟು ಮುಗಿಯುವವರೆಗೆ ಹನಿಹನಿಯಾಗಿ ಬಿದ್ದ ಆಮ್ಲಕ್ಕೆ ಮಾಪಕವು ಹೆಚ್ಚಾಗಿ ಅಲುಗುವುದಿಲ್ಲ, ಮುಗಿದ ಮೇಲೆ ಒಮ್ಮೆಲೇ ಕುಸಿಯುತ್ತದೆ. ನಮ್ಮ ತೊಟ್ಟಿಯಲ್ಲಿ ಆದದ್ದು ಇದೂ ಅಲ್ಲ, ಇದಕ್ಕಿಂತ ಸಾಧಾರಣವಾದ ಅನಾಹುತ. ನೀರು ಇಳಿದು ಪಿ.ಎಚ್. ಮಾಪಕದ ಗಾಜಿನ ತುದಿ ಗಾಳಿಯಲ್ಲಿ ಒಣಗಿತು. ಫಲಕವು ಅದು ಕೊಟ್ಟ ಸುಳ್ಳು ಸಂಖ್ಯೆಯನ್ನು ನಂಬಿ ರಾತ್ರಿಯೆಲ್ಲ ಆಮ್ಲವನ್ನು ಹನಿಸಿತು. ಬೆಳಗ್ಗೆ ಪುಂಡಿಸೊಪ್ಪಿನ ಬೇರುಗಳು ಕಂದಿ ಲೋಳೆಯಾಗಿದ್ದವು. ದಿನಕ್ಕೆ ಇಷ್ಟೇ ಹನಿಯೆಂಬ ಮಿತಿಯನ್ನು ವಿಧಿಸದಿದ್ದ ತಪ್ಪು ನಮ್ಮದೇ. ಅಂದಿನಿಂದ ಆಮ್ಲವನ್ನು ನಾವೇ ದುರ್ಬಲಗೊಳಿಸಿ, ಕನ್ನಡಕ ಕೈಗವಸುಗಳನ್ನು ಧರಿಸಿ, ಅಳೆದು ಬೆರೆಸುತ್ತಿದ್ದೇವೆ. ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕಲ್ಲ ಎಂಬುದನ್ನು ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ಹೇಳಬೇಕಾಗಿಲ್ಲ.

ನಿವೃತ್ತರಿಗೆ ಯಂತ್ರದ ನಿಜವಾದ ಅಗತ್ಯ ಬೀಳುವುದು ಎರಡು ಸಂದರ್ಭಗಳಲ್ಲಿ: ಬಕೇಟು ಹೊತ್ತು ಮೆಟ್ಟಿಲೇರಲು ಮೊಣಕಾಲು ಒಪ್ಪದಿರುವಾಗ, ಮತ್ತು ಮಕ್ಕಳ ಮನೆಗೆಂದು ಹತ್ತು ದಿನ ಊರು ಬಿಡುವಾಗ. ಮೊದಲನೆಯದಕ್ಕೆ ತೇಲುಗುಂಡಿನ ನಲ್ಲಿಯೇ ಸಾಕು. ಎರಡನೆಯದಕ್ಕೆ ದೂರವಾಣಿಗೆ ಸಂದೇಶ ಕಳುಹಿಸುವ ಫಲಕವನ್ನು ಜೋಡಿಸಬಹುದು. ಆದರೆ ಪಂಪು ನಿಂತಿದೆಯೆಂಬ ಸಂದೇಶವನ್ನು ಬೆಂಗಳೂರಿನಲ್ಲಿ ಓದಿದವರು ಅಲ್ಲಿಂದಲೇ ಕಸ ಕಟ್ಟಿದ ಕೊಳವೆಯನ್ನು ಬಿಡಿಸಲಾರರು. ಮಾಳಿಗೆಯ ಬೀಗದ ಕೈಯನ್ನು ನೆರೆಯವರಲ್ಲಿ ಕೊಟ್ಟು, ಆ ದಿನಗಳಲ್ಲಿ ಮೂಡಿದ ಸೊಪ್ಪನ್ನು ಅವರೇ ಕೊಯ್ದುಕೊಳ್ಳುವಂತೆ ಹೇಳಿಹೋಗುವ ಏರ್ಪಾಡನ್ನು ನಾವು ಅನುಸರಿಸಿದ್ದೇವೆ. ಹೊರಡುವ ಮುನ್ನ ಮಾಪಕದ ಗಾಜಿನ ತುದಿಯನ್ನು ತೊಳೆದು ಪೊಟ್ಯಾಸಿಯಂ ಕ್ಲೋರೈಡಿನ ದ್ರಾವಣದಲ್ಲಿ ಅದ್ದಿಟ್ಟು, ಮರಳಿದ ದಿನ 4 ಮತ್ತು 7ರ ಪ್ರಮಾಣ ದ್ರಾವಣಗಳಿಂದ ಅದನ್ನು ಸರಿಹೊಂದಿಸಿದ ಮೇಲೆಯೇ ತೊಟ್ಟಿಗೆ ಇಳಿಸುತ್ತೇವೆ.