ಹಳೆ ಬೈಕಿಗೆ ದೊಡ್ಡ ಕಾರ್ಬೊರೇಟರ್ ಹಾಕಿಸಿದರೆ ಪವರ್, ಮೈಲೇಜ್ ಎರಡೂ ಹೆಚ್ಚುತ್ತವೆಯೇ?

ಬೇಲೂರು ತಾಲ್ಲೂಕಿನ ಅರೇಹಳ್ಳಿಯಂಥ ಕಾಫಿ ಸೀಮೆಯ ಊರುಗಳಲ್ಲಿ ಹಳೆಯ ಜಾವಾ, ಯೆಜ್ಡಿ, ಯಮಹಾ ಆರ್‌ಎಕ್ಸ್ 100 ಬೈಕುಗಳನ್ನು ಜೋಪಾನ ಮಾಡಿಕೊಂಡು ಬಂದವರಿಗೆ ಒಂದು ಸಲಹೆ ಸಿಕ್ಕೇ ಸಿಗುತ್ತದೆ: "ಏರಿನಲ್ಲಿ ಎಳೀತಿಲ್ವಾ? ದೊಡ್ಡ ಕಾರ್ಬೊರೇಟರ್ ಹಾಕ್ಸಿ. ಪಿಕಪ್ಪೂ ಬರುತ್ತೆ, ಮೈಲೇಜೂ ಬರುತ್ತೆ." ಈ ಮಾತು ಎಷ್ಟು ನಿಜ?

ಚಿಕ್ಕ ಉತ್ತರ ಇದು: ಸವೆದುಹೋದ ಕಾರ್ಬೊರೇಟರ್ ತೆಗೆದು ಅದೇ ಅಳತೆಯ ಹೊಸದನ್ನು ಹಾಕಿಸಿದರೆ ಲಾಭ ಖಂಡಿತ ಇದೆ. ದೊಡ್ಡ ಬಾಯಿಯದನ್ನು ಹಾಕಿಸಿದರೆ ತೋಟದ ರಸ್ತೆಯಲ್ಲಿ ಸಾಮಾನ್ಯವಾಗಿ ನಷ್ಟವೇ. ಸರಿಯಾಗಿ ಹೊಂದಿಸದಿದ್ದರೆ ಇಂಜಿನ್ನೇ ಸೀಜ್ ಆಗಬಹುದು. ಹೇಗೆ ಎಂದು ನೋಡೋಣ.

ಕಾರ್ಬೊರೇಟರ್ ಮಾಡುವ ಕೆಲಸ ಏನು?

ಹಳ್ಳದ ನೀರು ಬಂಡೆಗಳ ನಡುವಿನ ಇಕ್ಕಟ್ಟಿನಲ್ಲಿ ಹರಿಯುವಾಗ ವೇಗ ಹೆಚ್ಚುವುದನ್ನು ನಾವೆಲ್ಲ ನೋಡಿದ್ದೇವೆ. ಗಾಳಿಯೂ ಹಾಗೆಯೇ. ಹೀಗೆ ವೇಗ ಹೆಚ್ಚಿದ ಜಾಗದಲ್ಲಿ ಒತ್ತಡ ಕಡಿಮೆಯಾಗುತ್ತದೆ. ಇಟಲಿಯ ವಿಜ್ಞಾನಿ ವೆಂಚುರಿ ಇದನ್ನು 1797ರಲ್ಲೇ ಪ್ರಕಟಿಸಿದ್ದರು. ಕಾರ್ಬೊರೇಟರಿನ ಒಳಗಿನ ಕಿರಿದಾದ ಗಂಟಲಿಗೆ ಇಂದಿಗೂ ಅವರದೇ ಹೆಸರು.

ಇಂಜಿನ್ ಗಾಳಿ ಎಳೆದುಕೊಳ್ಳುವಾಗ ಈ ಗಂಟಲಿನಲ್ಲಿ ಒತ್ತಡ ಇಳಿಯುತ್ತದೆ. ಕೆಳಗಿನ ಫ್ಲೋಟ್ ಬಟ್ಟಲಿನಲ್ಲಿರುವ ಪೆಟ್ರೋಲಿನ ಮೇಲೆ ಹೊರಗಿನ ಗಾಳಿಯ ಒತ್ತಡ ಪೂರ್ತಿ ಇರುತ್ತದೆ. ಈ ವ್ಯತ್ಯಾಸದಿಂದಾಗಿ ಪೆಟ್ರೋಲ್ ಜೆಟ್ ಎಂಬ ಸಣ್ಣ ರಂಧ್ರದ ಮೂಲಕ ಮೇಲೇರಿ, ಗಾಳಿಯಲ್ಲಿ ತುಂತುರಾಗಿ ಬೆರೆಯುತ್ತದೆ. ಪೆಟ್ರೋಲ್ ಪೂರ್ತಿ ಉರಿಯಲು ತೂಕದ ಲೆಕ್ಕದಲ್ಲಿ 1 ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಪೆಟ್ರೋಲ್ ಹೆಚ್ಚಾದರೆ ಮೆಕ್ಯಾನಿಕ್‌ಗಳು 'ರಿಚ್' ಎನ್ನುತ್ತಾರೆ, ಕಡಿಮೆಯಾದರೆ 'ಲೀನ್'.

ಇಲ್ಲಿ ಪಂಪ್ ಇಲ್ಲ, ಸೆನ್ಸರ್ ಇಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲಿನ ಬಹುತೇಕ ಬೈಕುಗಳಲ್ಲಿ ಈ ಲೆಕ್ಕವನ್ನು ಫ್ಯೂಯೆಲ್ ಇಂಜೆಕ್ಷನ್‌ನ ಕಂಪ್ಯೂಟರ್ ಮಾಡುತ್ತದೆ. ಹಳೆ ಬೈಕಿನಲ್ಲಿ ಎಲ್ಲವೂ ಗಾಳಿಯ ವೇಗದ ಮೇಲೆಯೇ ನಿಂತಿದೆ.

ಬಾಯಿ ದೊಡ್ಡದಾದರೆ ಏನಾಗುತ್ತದೆ?

ಆರ್‌ಎಕ್ಸ್ 100ರಲ್ಲಿ ಕಂಪನಿಯಿಂದ ಬರುತ್ತಿದ್ದುದು 20 ಮಿ.ಮೀ. ಕಾರ್ಬೊರೇಟರ್. ಅದನ್ನು ತೆಗೆದು 24 ಮಿ.ಮೀ.ನದನ್ನು ಹಾಕಿಸಿದಿರಿ ಎಂದುಕೊಳ್ಳಿ. ಹೆಚ್ಚಿದ್ದು 4 ಮಿ.ಮೀ. ಮಾತ್ರ ಅನಿಸಬಹುದು. ಆದರೆ ರಂಧ್ರದ ವಿಸ್ತೀರ್ಣ ಶೇ. 44ರಷ್ಟು ಹೆಚ್ಚುತ್ತದೆ. ಇಂಜಿನ್ ಎಳೆಯುವ ಗಾಳಿ ಅಷ್ಟೇ ಇದ್ದರೆ, ಗಾಳಿಯ ವೇಗ ಮೊದಲಿನ ಶೇ. 69ಕ್ಕೆ ಇಳಿಯುತ್ತದೆ. ಪೆಟ್ರೋಲನ್ನು ಮೇಲೆತ್ತುವ ಒತ್ತಡದ ವ್ಯತ್ಯಾಸ ವೇಗದ ವರ್ಗಕ್ಕೆ ತಕ್ಕಂತೆ ಇರುವುದರಿಂದ, ಅದು ಅರ್ಧಕ್ಕಿಂತಲೂ ಕೆಳಗೆ, ಅಂದರೆ ಸುಮಾರು ಶೇ. 48ಕ್ಕೆ ಕುಸಿಯುತ್ತದೆ.

ಪೂರ್ತಿ ಆಕ್ಸಿಲರೇಟರ್ ಕೊಟ್ಟು ಇಂಜಿನ್ ಗರಿಷ್ಠ ವೇಗದಲ್ಲಿ ತಿರುಗುವಾಗ ದೊಡ್ಡ ಬಾಯಿ ನಿಜಕ್ಕೂ ಹೆಚ್ಚು ಗಾಳಿ ಬಿಡುತ್ತದೆ. ರೇಸಿನವರು ದೊಡ್ಡದನ್ನು ಹಾಕುವುದು ಅದಕ್ಕೇ. ಜೊತೆಗೆ ಸಿಲಿಂಡರಿನ ಪೋರ್ಟ್, ಸೈಲೆನ್ಸರ್ ಎಲ್ಲವನ್ನೂ ಬದಲಿಸಿರುತ್ತಾರೆ. ಆದರೆ ಹಿಂದೆ ಒಂದು ಮೂಟೆ ಕಟ್ಟಿಕೊಂಡು, ಸೆಕೆಂಡ್ ಗೇರಿನಲ್ಲಿ, ತೋಟದ ಏರು ಹತ್ತುವಾಗ ಇಂಜಿನ್ ತಿರುಗುವುದು ಅದರ ಅರ್ಧ ವೇಗದಲ್ಲೂ ಅಲ್ಲ. ಅಲ್ಲಿ ಬೇಕಾದದ್ದು ಗಾಳಿಯ ವೇಗ. ಅದೇ ಕಡಿಮೆಯಾದರೆ ಪೆಟ್ರೋಲ್ ಸರಿಯಾಗಿ ತುಂತುರಾಗದೆ ಬೈಕು ಮುಕ್ಕುತ್ತದೆ. ಇದನ್ನು ಸರಿಮಾಡಲು ಇನ್ನೂ ದೊಡ್ಡ ಜೆಟ್ ಹಾಕಿದರೆ ಮೈಲೇಜ್ ಕೈಬಿಟ್ಟಂತೆಯೇ.

ಎತ್ತರದ ಊರಿಗೂ ಇದಕ್ಕೂ ಸಂಬಂಧ ಇದೆಯೇ?

ಇದೆ. ಅರೇಹಳ್ಳಿ ಸುತ್ತಿನ ಮಲೆನಾಡು ಸಮುದ್ರ ಮಟ್ಟಕ್ಕಿಂತ ಸುಮಾರು 1000 ಮೀಟರ್ ಎತ್ತರದ ಆಸುಪಾಸಿನಲ್ಲಿದೆ. ಆ ಎತ್ತರದಲ್ಲಿ ಗಾಳಿಯ ಸಾಂದ್ರತೆ ಮಂಗಳೂರಿನಲ್ಲಿ ಇರುವುದಕ್ಕಿಂತ ಸುಮಾರು ಶೇ. 9ರಷ್ಟು ಕಡಿಮೆ. ಹಾಗಾಗಿ ಪವರ್ ಸ್ವಲ್ಪ ಕಡಿಮೆಯಾಗುವುದು ಸಹಜ. ಯಾವ ಕಾರ್ಬೊರೇಟರ್ ಹಾಕಿದರೂ ಗಾಳಿಯನ್ನು ದಟ್ಟ ಮಾಡಲು ಆಗುವುದಿಲ್ಲ.

ಇನ್ನೊಂದು ಪರಿಣಾಮವೂ ಇದೆ. ಗಾಳಿ ತೆಳುವಾದಷ್ಟು ಪೆಟ್ರೋಲ್ ಕಡಿಮೆಯಾಗುವುದಿಲ್ಲ. ಆದ್ದರಿಂದ ಕರಾವಳಿಗೆ ಹೊಂದಿಸಿದ ಬೈಕು ಇಲ್ಲಿಗೆ ಬಂದರೆ ಮಿಶ್ರಣ ಸುಮಾರು ಶೇ. 5ರಷ್ಟು ರಿಚ್ ಆಗುತ್ತದೆ. ಇಲ್ಲಿಗೆ ಹೊಂದಿಸಿದ ಬೈಕು ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದರೆ ಅಷ್ಟೇ ಲೀನ್ ಆಗುತ್ತದೆ. ಮೊದಲನೆಯದರಿಂದ ಹೊಗೆ ಬರುತ್ತದೆ, ಅಷ್ಟೆ. ಎರಡನೆಯದು ಅಪಾಯಕಾರಿ.

ಲೀನ್ ಆದರೆ ಅಪಾಯ ಏಕೆ?

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ಡಿ ಟು-ಸ್ಟ್ರೋಕ್ ಬೈಕುಗಳು. ಪಿಸ್ಟನ್, ಬೇರಿಂಗ್‌ಗಳಿಗೆ ಬೇಕಾದ ಆಯಿಲನ್ನು ಇವುಗಳಲ್ಲಿ ಪೆಟ್ರೋಲಿನಲ್ಲೇ ಕಲಸಿ ಹಾಕುತ್ತೇವೆ. ಕಾರ್ಬೊರೇಟರ್ ಕೊಡುವ ಪೆಟ್ರೋಲ್ ಕಡಿಮೆಯಾದರೆ ಆಯಿಲ್ ಕೂಡ ಕಡಿಮೆಯಾಗುತ್ತದೆ. ಲೀನ್ ಮಿಶ್ರಣದಲ್ಲಿ ಸಿಲಿಂಡರ್ ಬಿಸಿಯೂ ಹೆಚ್ಚು. ಬಿಸಿಗೆ ಹಿಗ್ಗಿದ ಪಿಸ್ಟನ್ ಆಯಿಲ್ ಇಲ್ಲದ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುವುದನ್ನೇ ಸೀಜ್ ಎನ್ನುವುದು. ಓಡುತ್ತಿರುವಾಗ ಸೀಜ್ ಆದರೆ ಹಿಂದಿನ ಚಕ್ರ ಒಮ್ಮೆಲೇ ಹಿಡಿದುಕೊಳ್ಳುತ್ತದೆ. ಘಾಟಿ ತಿರುವಿನಲ್ಲಿ ಹೀಗಾದರೆ ಪ್ರಾಣಕ್ಕೇ ಕುತ್ತು. ತಕ್ಷಣ ಕ್ಲಚ್ ಹಿಡಿಯುವುದೊಂದೇ ದಾರಿ.

ಆರ್‌ಎಕ್ಸ್ 100ರಲ್ಲಿ ಆಯಿಲಿಗೆ ಪ್ರತ್ಯೇಕ ಪಂಪ್ ಇದೆ. ಆದರೆ ಅದು ಕೊಡುವ ಆಯಿಲಿನ ಪ್ರಮಾಣವನ್ನು ನಿಯಂತ್ರಿಸುವುದೂ ಆಕ್ಸಿಲರೇಟರ್ ಕೇಬಲ್ಲೇ. ಕಾರ್ಬೊರೇಟರ್ ಬದಲಿಸಿದಾಗ ಸ್ಲೈಡ್ ಏಳುವುದಕ್ಕೂ ಪಂಪ್ ತೆರೆಯುವುದಕ್ಕೂ ತಾಳ ತಪ್ಪಿದರೆ ಪರಿಣಾಮ ಇದೇ.

ಇ20 ಪೆಟ್ರೋಲ್ ಬಂದ ಮೇಲೆ?

ಶೇ. 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಎಥನಾಲ್ ಉರಿಯಲು 1 ಪಾಲಿಗೆ ಸುಮಾರು 9 ಪಾಲು ಗಾಳಿ ಸಾಕು. ಹೀಗಾಗಿ ಇ20ಗೆ ಬೇಕಾದ ಗಾಳಿ ಸುಮಾರು 13.5 ಪಾಲು ಮಾತ್ರ. ಹಳೆಯ ಕಾರ್ಬೊರೇಟರಿಗೆ ಈ ವಿಷಯ ಗೊತ್ತಿಲ್ಲ. ಅದು ಮೊದಲಿನಷ್ಟೇ ಗಾಳಿ ಬಿಡುತ್ತದೆ. ಅಂದರೆ ಏನನ್ನೂ ಬದಲಿಸದಿದ್ದರೂ ಮಿಶ್ರಣ ಶೇ. 7-8ರಷ್ಟು ಲೀನ್ ಕಡೆಗೆ ಸರಿಯುತ್ತದೆ. ಘಾಟಿ ಇಳಿದಾಗಿನ ಶೇ. 5 ಇದಕ್ಕೆ ಸೇರಿಕೊಳ್ಳುತ್ತದೆ.

ಎಥನಾಲ್ ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ, ಹಳೆಯ ರಬ್ಬರ್ ಪೈಪು-ವಾಷರುಗಳನ್ನು ಹಾಳುಮಾಡುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಬೈಕನ್ನು ವಾರಗಟ್ಟಲೆ ನಿಲ್ಲಿಸುವುದಿದ್ದರೆ ಪೆಟ್ರೋಲ್ ಕಾಕ್ ಮುಚ್ಚಿ, ಬಟ್ಟಲು ಖಾಲಿಯಾಗುವವರೆಗೆ ಇಂಜಿನ್ ಓಡಿಸಿ ನಿಲ್ಲಿಸುವುದು ಒಳ್ಳೆಯದು.

ಹಾಗಾದರೆ ಬದಲಿಸುವುದೇ ಬೇಡವೇ?

ಬೇಕಾದಾಗ ಬದಲಿಸಲೇಬೇಕು. ಹಳೆಯ ಜಾವಾಗಳಲ್ಲಿ ಬರುತ್ತಿದ್ದ ಜಿಕೋವ್ ಕಾರ್ಬೊರೇಟರ್ ದಶಕಗಳ ಓಟದಲ್ಲಿ ಸವೆದಿರುತ್ತದೆ. ಸ್ಲೈಡ್ ಅಲುಗಾಡಿ ಪಕ್ಕದಿಂದ ಗಾಳಿ ನುಸುಳುತ್ತದೆ, ಐಡ್ಲಿಂಗ್ ನಿಲ್ಲುವುದಿಲ್ಲ. ಅದರ ಜಾಗಕ್ಕೆ ಅದೇ ಅಳತೆಯ ಮಿಕುನಿ ಮಾದರಿಯದನ್ನು ಹಾಕಿಸುವುದು ಸರಿಯಾದ ಬದಲಾವಣೆ. ಜೆಟ್, ಸೂಜಿ, ವಾಷರ್ ಸುಲಭವಾಗಿ ಸಿಗುತ್ತವೆ ಎಂಬುದೇ ಇದರ ದೊಡ್ಡ ಲಾಭ.

ಆದರೆ ಅದಕ್ಕೂ ಮೊದಲು ಇವನ್ನು ನೋಡಿ:

- ಏರ್ ಫಿಲ್ಟರ್ ಕಟ್ಟಿಕೊಂಡಿದೆಯೇ?
- ಸೈಲೆನ್ಸರಿನಲ್ಲಿ ಕರಿ ತುಂಬಿದೆಯೇ? ಟು-ಸ್ಟ್ರೋಕ್ ಬೈಕಿನ ಎಳೆತ ಸಾಯಲು ಇದು ಬಹಳ ಸಾಮಾನ್ಯ ಕಾರಣ.
- ಪಾಯಿಂಟ್ ಮತ್ತು ಟೈಮಿಂಗ್ ಸರಿಯಿದೆಯೇ?
- ಕಾರ್ಬೊರೇಟರ್ ಕೂರುವ ಜಾಗದಲ್ಲಿ ಅಥವಾ ಕ್ರ್ಯಾಂಕ್ ಆಯಿಲ್ ಸೀಲಿನಲ್ಲಿ ಗಾಳಿ ಸೋರುತ್ತಿದೆಯೇ? ಸೋರಿದರೆ ಹೊಸ ಕಾರ್ಬೊರೇಟರೂ ಲೀನ್ ಆಗಿಯೇ ಓಡುತ್ತದೆ.
- ಸಿಲಿಂಡರ್ ಸವೆದು ಕಂಪ್ರೆಷನ್ ಹೋಗಿದೆಯೇ?

ಎಷ್ಟೋ ಬೈಕುಗಳಲ್ಲಿ ರೋಗ ಈ ಪಟ್ಟಿಯಲ್ಲೇ ಸಿಗುತ್ತದೆ, ಕಾರ್ಬೊರೇಟರಿನ ಖರ್ಚು ಉಳಿಯುತ್ತದೆ.

ಹಾಕಿಸಿದ ಮೇಲೆ ಹೊಂದಿಸುವುದು ಹೇಗೆ?

ಏರ್ ಸ್ಕ್ರೂ ತಿರುಗಿಸಿ 'ಸ್ಲೋ ಸೆಟ್' ಮಾಡಿದರೆ ಟ್ಯೂನಿಂಗ್ ಮುಗಿಯಿತು ಎಂಬುದು ಇನ್ನೊಂದು ತಪ್ಪು ನಂಬಿಕೆ. ಆ ಸ್ಕ್ರೂ ಮತ್ತು ಪೈಲಟ್ ಜೆಟ್ ಕೆಲಸ ಮಾಡುವುದು ಮುಖ್ಯವಾಗಿ ಆಕ್ಸಿಲರೇಟರಿನ ಮೊದಲ ಎಂಟನೇ ಒಂದು ಭಾಗದಲ್ಲಿ. ಕಾಲು ಭಾಗದವರೆಗೆ ಸ್ಲೈಡಿನ ಓರೆ ಕಡಿತ, ಕಾಲಿನಿಂದ ಮುಕ್ಕಾಲರವರೆಗೆ ಸೂಜಿ, ಅಲ್ಲಿಂದ ಮೇಲೆ ಮೇನ್ ಜೆಟ್ ಮಿಶ್ರಣವನ್ನು ನಿರ್ಧರಿಸುತ್ತವೆ. ಹಾಗಾಗಿ ಯಾವ ಹಂತದಲ್ಲಿ ತೊಂದರೆ ಇದೆಯೋ ಆ ಭಾಗವನ್ನೇ ಮುಟ್ಟಬೇಕು. ಸೂಜಿಯ ಕ್ಲಿಪ್ಪನ್ನು ಒಂದು ಗೆರೆ ಕೆಳಗಿಟ್ಟರೆ ಸೂಜಿ ಮೇಲೇಳುತ್ತದೆ, ಮಿಶ್ರಣ ರಿಚ್ ಆಗುತ್ತದೆ.

ಮೊದಲು ದೊಡ್ಡ ಮೇನ್ ಜೆಟ್‌ನಿಂದ ಶುರುಮಾಡಿ, ಒಂದೊಂದೇ ಅಳತೆ ಇಳಿಸುತ್ತ ಬನ್ನಿ. ಚಿಕ್ಕದರಿಂದ ಏರಿಸಲು ಹೋದರೆ ಪ್ರಯೋಗದ ನಡುವೆಯೇ ಸೀಜ್ ಆಗಬಹುದು. ಪ್ರತಿ ಸಲವೂ ಪ್ಲಗ್ ಬಿಚ್ಚಿ ನೋಡಿ: ಕಪ್ಪು ಮಸಿ ಇದ್ದರೆ ರಿಚ್, ಬೆಳ್ಳಗಿದ್ದರೆ ಲೀನ್, ಕಾಫಿಪುಡಿಯ ಕಂದು ಇದ್ದರೆ ಸರಿ. ಬೇರೆ ಬೇರೆ ಕಂಪನಿಗಳ ಜೆಟ್ ಸಂಖ್ಯೆಗಳು ಒಂದಕ್ಕೊಂದು ಹೊಂದುವುದಿಲ್ಲ ಎಂಬುದೂ ನೆನಪಿರಲಿ.

ಕೊನೆಗೆ ಹೊಗೆ ತಪಾಸಣೆ ಮಾಡಿಸಿ. 2000ಕ್ಕಿಂತ ಹಿಂದಿನ ದ್ವಿಚಕ್ರ ವಾಹನಗಳಿಗೆ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ. 4.5. ಇದು ಬರೀ ಕಾಗದಕ್ಕಾಗಿ ಅಲ್ಲ. ಐಡ್ಲಿಂಗಿನಲ್ಲಿ ಮಿಶ್ರಣ ಎಷ್ಟು ರಿಚ್ ಇದೆ ಎಂದು ತಿಳಿಯಲು ಅಗ್ಗದ ದಾರಿಯೂ ಹೌದು. ಮಲೆನಾಡಿನಲ್ಲಿ ಹೊಂದಿಸಿದ ಬೈಕಿನಲ್ಲಿ ಕರಾವಳಿಗೆ ಹೊರಟರೆ ಸೂಜಿಯ ಕ್ಲಿಪ್ಪನ್ನು ಒಂದು ಗೆರೆ ಕೆಳಗಿಡಿ. ಉದ್ದಕ್ಕೂ ಪೂರ್ತಿ ಆಕ್ಸಿಲರೇಟರ್ ಕೊಟ್ಟು ಓಡಿಸುವುದಿದ್ದರೆ ಮೇನ್ ಜೆಟ್ಟನ್ನೂ ಒಂದು ಅಳತೆ ಏರಿಸಿಕೊಳ್ಳಿ. ಸ್ವಲ್ಪ ಹೊಗೆ ಬಂದರೂ ಚಿಂತೆಯಿಲ್ಲ, ಪಿಸ್ಟನ್ ಉಳಿಯುತ್ತದೆ.